ಜೈಲಿನಲ್ಲಿರುವ ಗರ್ಭಿಣಿಗೆ ಮನೆಯವರು ಏನು ಮಾಡಬಹುದು? ಬಲ್ಲವರ ಅನುಭವಗಳು

ಪ್ರಶ್ನೆ: ನನ್ನ ತಮ್ಮನ ಹೆಂಡತಿ ವಿಚಾರಣಾಧೀನ ಕೈದಿಯಾಗಿ ಉಪ ಕಾರಾಗೃಹದಲ್ಲಿದ್ದಾಳೆ. ಅವಳಿಗೀಗ ಆರು ತಿಂಗಳು ತುಂಬಿದೆ. ಹೆರಿಗೆ, ಬಾಣಂತನಗಳ ವಿಷಯದಲ್ಲಿ ಮನೆಯವರು ಏನು ಮಾಡಬಹುದೆಂದು ದಯವಿಟ್ಟು ತಿಳಿಸಿ.

ಕಾನೂನು ಸೇವೆಯ ಸ್ವಯಂಸೇವಕಿ: ಅವರು ಗರ್ಭಿಣಿ ಎಂಬುದು ಜೈಲಿನ ವೈದ್ಯಕೀಯ ದಾಖಲೆಯಲ್ಲೂ ನ್ಯಾಯಾಲಯದ ಕಡತದಲ್ಲೂ ಬರಹದಲ್ಲಿ ಇರುವಂತೆ ಮೊದಲು ನೋಡಿಕೊಳ್ಳಿ, ಬಾಯಿಮಾತಿನಲ್ಲಿ ಹೇಳಿದ್ದು ಪಾಳಿ ಬದಲಾಗುತ್ತಲೇ ಮರೆತುಹೋಗುತ್ತದೆ. ಬಂಧನದಲ್ಲಿರುವ ಮಹಿಳೆಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಅದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಜಾಮೀನು ಅರ್ಜಿಯೊಂದಿಗೆ ಸ್ಕ್ಯಾನಿಂಗ್ ವರದಿಯನ್ನೂ ಹೆರಿಗೆಯ ಅಂದಾಜು ದಿನಾಂಕವನ್ನೂ ಲಗತ್ತಿಸಿ. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವು ಮಾದಕವಸ್ತು ಪ್ರಕರಣದ ಗರ್ಭಿಣಿ ಆರೋಪಿಗೂ 6 ತಿಂಗಳ ತಾತ್ಕಾಲಿಕ ಜಾಮೀನು ನೀಡಿದೆ. ಜಾಮೀನು ಸಿಗದಿದ್ದರೆ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ನಿರ್ದೇಶನಗಳನ್ನು ವಕೀಲರಿಂದ ಎತ್ತಿಸಿ: ಸಾಧ್ಯವಾದಷ್ಟೂ ಹೆರಿಗೆ ಜೈಲಿನ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು, ಜನನ ಪ್ರಮಾಣಪತ್ರದಲ್ಲಿ ಜೈಲಿನ ಹೆಸರು ಬರಕೂಡದು, ಸರಿಯಾದ ಸೌಲಭ್ಯವಿಲ್ಲದ ಉಪ ಕಾರಾಗೃಹದಲ್ಲಿ ಮಗುವಿರುವ ತಾಯಿಯನ್ನು ಇರಿಸಕೂಡದು. ಕೊನೆಯದು ನಿಮಗೆ ನೇರವಾಗಿ ಅನ್ವಯಿಸುವುದರಿಂದ ವರ್ಗಾವಣೆಯ ಕೋರಿಕೆಯನ್ನು ಹೆರಿಗೆಗೆ ಮುಂಚೆಯೇ ಸಲ್ಲಿಸಿ.

ನಿವೃತ್ತ ಶುಶ್ರೂಷಕಿ: ತಾಯಿ ಕಾರ್ಡ್ ಮನೆಯಲ್ಲಿದ್ದರೆ ಅದರ ಪ್ರತಿಯನ್ನು ಜೈಲಿನ ವೈದ್ಯರಿಗೆ ತಲುಪಿಸಿ. ಬೆಂಗಾವಲಿಗೆ ಪೊಲೀಸರು ಸಿಗಲಿಲ್ಲವೆಂಬ ಕಾರಣಕ್ಕೇ ತಪಾಸಣೆ ತಪ್ಪಿಹೋದ ಗರ್ಭಿಣಿಯರನ್ನು ನಾನು ಕಂಡಿದ್ದೇನೆ. ಒಬ್ಬಾಕೆಗೆ ಕಾಲು ಊದಿ, ತಲೆನೋವೂ ಇದ್ದು, ರಕ್ತದೊತ್ತಡ ಏರಿರುವುದು ಹೆರಿಗೆ ನೋವು ಶುರುವಾದ ಮೇಲಷ್ಟೇ ತಿಳಿಯಿತು. ಆದ್ದರಿಂದ ಪ್ರತಿ ತಪಾಸಣೆಗೂ ವಾರ ಮೊದಲೇ ದಿನಾಂಕ ನಮೂದಿಸಿ ಅಧೀಕ್ಷಕರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಒಂದು ಪ್ರತಿಯನ್ನು ಪ್ರಾಧಿಕಾರದ ಕಾರ್ಯದರ್ಶಿಗೂ ಕಳುಹಿಸಿ. ಕಾಲು ಊತ, ಕಣ್ಣು ಮಂಜಾಗುವುದು, ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಸುಮ್ಮನಿರಬಾರದೆಂದು ಭೇಟಿಯಲ್ಲಿ ಅವರಿಗೂ ಹೇಳಿ.

ಜೈಲಿನಲ್ಲಿ ಬಾಣಂತನ ಕಳೆದವಳೊಬ್ಬಳ ಅಕ್ಕ: ನಾವು ಒಯ್ದ ಓಮದ ಪುಡಿ, ಬೆಳ್ಳುಳ್ಳಿ ಲೇಹ್ಯಗಳನ್ನು ಗೇಟಿನಲ್ಲೇ ವಾಪಸು ಕಳಿಸಿದರು. ವೈದ್ಯರು ಚೀಟಿ ಬರೆದುಕೊಟ್ಟ ಮೇಲೆ ತುಪ್ಪವನ್ನೂ ಮಗುವಿಗೆ ಒಗೆದ ಹತ್ತಿ ಬಟ್ಟೆಗಳನ್ನೂ ಒಳಗೆ ಬಿಟ್ಟರು. ಏನನ್ನು ಬಿಡುತ್ತಾರೆಂದು ಮೊದಲೇ ಕೇಳಿಕೊಂಡು ಹೋಗಿ. ಮಗುವಿಗೆ ವಯಸ್ಸಿಗೆ ತಕ್ಕ ಆಹಾರ ಕೊಡಬೇಕೆಂದು ಮೇಲೆ ಹೇಳಿದ ಆರ್.ಡಿ. ಉಪಾಧ್ಯಾಯ ತೀರ್ಪು ಹೇಳುತ್ತದೆ. ನನ್ನ ತಂಗಿಗೆ ಅದು ಗೊತ್ತಿರಲಿಲ್ಲ, ನಿಮ್ಮವರಿಗೆ ಈಗಲೇ ಹೇಳಿಡಿ.