ಒಂದು ಮುರಿದ ಕುತ್ತಿಗೆ, ನಾಲ್ಕು ತಲೆ

ನಮ್ಮ ಬ್ಯಾಂಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲ. ಡ್ರಮ್ಸ್ ಬಾರಿಸುವವನು ಡ್ರಮ್ಮು, ಬೇಸ್ ನುಡಿಸುವವನು ಬೇಸು, ಕೀಬೋರ್ಡ್ ನುಡಿಸುವವಳು ಕೀಲಿ. ನಾನು ಗಿಟಾರ್. ಹಾಗಾಗಿ ಆವತ್ತು ರಾತ್ರಿ ಬೇಸು ಫೋನ್ ಮಾಡಿ "ಗಿಟಾರ್ ಕುತ್ತಿಗೆ ಮುರೀತು, ಬೇಗ ಬಾ" ಅಂದಾಗ ಕೀಲಿ ಗಾಬರಿಯಾಗಿ ಯಾವ ಆಸ್ಪತ್ರೆ ಅಂತ ಕೇಳಿದಳಂತೆ. ಮುರಿದಿದ್ದು ನನ್ನದಲ್ಲ, ಗಿಟಾರಿನದ್ದು ಅಂತ ಗೊತ್ತಾದ ಮೇಲೆ ಇನ್ನೂ ಜಾಸ್ತಿ ಗಾಬರಿಯಾದಳಂತೆ.

ಆಗಿದ್ದಿಷ್ಟು. ನನ್ನ ಲೆಸ್ ಪಾಲ್ ಮಾದರಿಯ ಎಲೆಕ್ಟ್ರಿಕ್ ಗಿಟಾರನ್ನು ಆಂಪ್‌ಗೆ, ಅಂದರೆ ಅದರ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ, ಒರಗಿಸಿ ನೀರು ಕುಡಿಯೋಕೆ ಹೋಗಿದ್ದೆ. ಸ್ಟ್ಯಾಂಡ್ ಇಲ್ವಾ ಅಂತ ಕೇಳಬೇಡಿ. ಇದೆ. ಅದರ ಮೇಲೆ ನನ್ನ ಜರ್ಕಿನ್ ಒಣಗುತ್ತಿತ್ತು. ಡ್ರಮ್ಮು ಎದ್ದ, ಕಾಲಿಗೆ ಕೇಬಲ್ ಸಿಕ್ಕಿತು, ಗಿಟಾರ್ ಅಂಗಾತ ಬಿತ್ತು. ಆಂಪ್ ಆನ್ ಆಗೇ ಇತ್ತು. ಮೊದಲು ಟಪ್ ಅಂತ ಒಂದು ಸದ್ದು, ಅದರ ಬೆನ್ನಿಗೇ ಆರೂ ತಂತಿ ಒಟ್ಟಿಗೆ ಸಡಿಲವಾಗಿ ಗೊಂಯ್ಯ್ ಅಂತ ಪಾತಾಳಕ್ಕಿಳಿದ ಒಂದು ಸ್ವರ. ನಾನು ಓಡಿ ಬಂದು ನೋಡಿದರೆ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್ಟು, ಅದರ ಹಿಂದೆ ಮರ ಬಾಯಿ ಬಿಟ್ಟಿದೆ. ಹೆಡ್‌ಸ್ಟಾಕ್, ಅಂದರೆ ಗಿಟಾರಿನ ತಲೆ, ಮುಂದಿನ ಕಪ್ಪು ಪದರವೊಂದನ್ನೇ ನಂಬಿಕೊಂಡು ನೇತಾಡುತ್ತಿದೆ.

"ಸ್ವರ ಚೆನ್ನಾಗಿತ್ತು ಕಣೋ, ರೆಕಾರ್ಡ್ ಮಾಡಬೇಕಿತ್ತು" ಅಂದ ಬೇಸು. ಇಂಥವರ ಜೊತೆ ಹತ್ತು ವರ್ಷದಿಂದ ಇದ್ದೀನಿ.

ಡ್ರಮ್ಮು ಪಾಪ, ತಪ್ಪು ಮಾಡಿದವನ ಉತ್ಸಾಹದಲ್ಲಿ ಎಲ್ಲಿಂದಲೋ ಸೂಪರ್ ಗ್ಲೂ ಹಿಡಿದುಕೊಂಡು ಬಂದ. "ಎರಡು ನಿಮಿಷದ ಕೆಲಸ, ನನ್ನ ಚಪ್ಪಲಿ ಇದರಲ್ಲೇ ನಿಂತಿದೆ."

"ನಿನ್ನ ಚಪ್ಪಲಿಗೆ ಆರು ತಂತಿ ಬಿಗಿದು ನೋಡಿದ್ದೀಯಾ?" ಅಷ್ಟು ಹೊತ್ತಿಗೆ ಕೀಲಿ ಬಂದಿದ್ದಳು. ಮರಗೆಲಸದ ಹುಚ್ಚು ಅವಳಿಗೆ, ಸ್ವಂತ ಕ್ಲ್ಯಾಂಪ್ ಇಟ್ಟುಕೊಂಡಿರುವ ಜಾತಿ. "ಮಾಮೂಲಿ ಹತ್ತನೇ ನಂಬರ್ ತಂತಿ ಸೆಟ್ ಹಾಕಿದರೆ ಆರೂ ತಂತಿ ಸೇರಿ 40 ಕಿಲೋಗಿಂತ ಜಾಸ್ತಿ ಎಳೀತವೆ. ಹಗಲೂ ರಾತ್ರಿ. ಮೊದಲು ತಂತಿ ಬಿಚ್ಚೋ, ಆಮೇಲೆ ಅಳು."

ಬಿಚ್ಚಿದೆ. ಅಳುವುದು ಆಗಲೇ ಮುಗಿದಿತ್ತು.

"ಅಷ್ಟು ದಪ್ಪ ಮೈ, ಇಷ್ಟಕ್ಕೇ ಮುರಿಯುತ್ತಾ?" ಅಂತ ಡ್ರಮ್ಮು ಕೇಳಿದ. ಇದಕ್ಕೆ ಉತ್ತರ ನನಗೂ ಗೊತ್ತಿತ್ತು, ಗೊತ್ತಿದ್ದೂ ಆಂಪ್‌ಗೆ ಒರಗಿಸಿದ್ದೆ, ಅದು ಬೇರೆ ಮಾತು. ಈ ಮಾದರಿಯಲ್ಲಿ ತಲೆ ಹಿಂದಕ್ಕೆ ಸುಮಾರು 17 ಡಿಗ್ರಿ ಬಾಗಿರುತ್ತದೆ. ನೆಕ್ಕೂ ತಲೆಯೂ ಒಂದೇ ಮಹಾಗನಿ ತುಂಡು. ನೆಕ್ಕಿನ ಉದ್ದಕ್ಕೂ ನೆಟ್ಟಗೆ ಬರುವ ಮರದ ಎಳೆ, ಬಾಗಿದ ಜಾಗದಲ್ಲಿ ಓರೆಯಾಗಿ ಹೊರಗೆ ಹೋಗಿಬಿಡುತ್ತದೆ. ಅಲ್ಲೇ ಮರ ಸಪೂರ. ಅದೂ ಸಾಲದು ಅಂತ ನೆಕ್ಕಿನೊಳಗೆ ಇರುವ ಟ್ರಸ್ ರಾಡ್ ಅನ್ನೋ ಲೋಹದ ಸರಳನ್ನು ತಿರುಗಿಸೋಕೆ ಅಲ್ಲೇ ಒಂದು ಗುಳಿ. ಅಂಗಾತ ಬಿದ್ದರೆ ಮೊದಲು ನೆಲ ಮುಟ್ಟುವುದೂ ಆ ತಲೆಯೇ. 70ರ ದಶಕದಲ್ಲಿ ಇದಕ್ಕೇ ಅಂತ ಅಲ್ಲಿ ಮರದ ಒಂದು ಉಬ್ಬು ಬಿಟ್ಟು ಗಿಟಾರ್ ಮಾಡುತ್ತಿದ್ದರು. ನುಡಿಸುವವರಿಗೆ ಅದು ಹಿಡಿಸಲಿಲ್ಲ, ಉಬ್ಬು ಹೋಯಿತು.

"ನಮ್ಮ ಫೆಂಡರ್ ಕಂಪನಿ ಬೇಸ್ ಗಿಟಾರ್ ನೋಡು" ಅಂತ ಬೇಸು ಮೀಸೆ ತಿರುವಿದ. "ತಲೆ ನೆಟ್ಟಗೆ. ಬಿದ್ದರೂ ಏಳುತ್ತೆ. ಹಾಗೂ ಮುರೀತು ಅಂದುಕೋ, ನಾಲ್ಕು ಸ್ಕ್ರೂ ಬಿಚ್ಚು, ಬೇರೆ ನೆಕ್ ಹಾಕು, ಮುಗೀತು."

"ತಲೆ ಬದಲಾಯಿಸೋದು ಅಷ್ಟು ಸುಲಭ ಆಗಿದ್ರೆ ನಿನ್ನದನ್ನ ಯಾವತ್ತೋ ಬದಲಾಯಿಸ್ತಿದ್ವಿ" ಅಂದಳು ಕೀಲಿ.

ಬೇಸು ಸುಮ್ಮನಾಗಲಿಲ್ಲ. ಈ ಮಾದರಿಗೆ ಹೆಸರು ಕೊಟ್ಟ ಗಿಟಾರ್ ವಾದಕ ಲೆಸ್ ಪಾಲ್ ಅವರು 1940ರ ಆಸುಪಾಸಿನಲ್ಲಿ ನಾಲ್ಕಿಂಚು ದಪ್ಪದ ಒಂದು ಪೈನ್ ತೊಲೆಗೆ ತಂತಿ, ತಂತಿಯ ಕಂಪನ ಹಿಡಿಯೋ ಪಿಕಪ್ ಹಾಕಿ ನುಡಿಸಿದರಂತೆ. ಕೇಳುವವರಿಗೆ ತೊಲೆ ನೋಡಿ ಇರುಸುಮುರುಸು. ಸರಿ ಅಂತ ಒಳ್ಳೆಯ ಎಪಿಫೋನ್ ಗಿಟಾರೊಂದರ ಮೈ ಸೀಳಿ, ಎರಡು ಹೋಳನ್ನು ತೊಲೆಯ ಎರಡು ಪಕ್ಕ ಜೋಡಿಸಿದರು. ಇದು ನಿಜವಾದ ಕಥೆ. ಅದಕ್ಕೆ ಬೇಸು ಹಚ್ಚಿದ ಬಾಲ ಏನಪ್ಪಾ ಅಂದರೆ, "ಗಿಟಾರ್ ಸೀಳಿದವರ ಹೆಸರು ಇಟ್ಟುಕೊಂಡ ಮೇಲೆ, ಮುರಿಯೋದು ಇದರ ಜಾತಕದಲ್ಲೇ ಇದೆ ಬಿಡೋ."

ಡ್ರಮ್ಮು ಮತ್ತೆ ಸೂಪರ್ ಗ್ಲೂ ಮುಚ್ಚಳ ತೆಗೆಯುತ್ತಿದ್ದ. ಕೀಲಿ ಕಸಿದು ಜೇಬಿಗೆ ಹಾಕಿಕೊಂಡಳು. ಅದು ಮರದ ಸಂದಿಯಲ್ಲಿ ಒಂದು ಸಲ ಕೂತರೆ, ನಾಳೆ ಬಿಟ್ಟುಕೊಂಡಾಗ ಅದರ ಮೇಲೆ ಮರದ ಅಂಟು ಹಿಡಿಯುವುದೇ ಇಲ್ಲ, ಅಷ್ಟನ್ನೂ ಕೆರೆದು ತೆಗೀಬೇಕು. ಬೇಕಾಗಿರೋದು ಬಡಗಿಗಳ ಹಳದಿ ಅಂಟು. ಸಂದಿ ಸರಿಯಾಗಿ ಕೂತರೆ ಆ ಅಂಟು ಮರಕ್ಕಿಂತ ಗಟ್ಟಿ, ಇನ್ನೊಂದು ಸಲ ಬಿದ್ದರೆ ಪಕ್ಕದ ಮರ ಮುರಿಯುತ್ತೆ ಅಂದಳು. ಇದನ್ನು ಸಮಾಧಾನ ಅಂತ ಹೇಳಿದಳೋ ಹೆದರಿಸೋಕೆ ಹೇಳಿದಳೋ ಗೊತ್ತಾಗಲಿಲ್ಲ.

ನಮ್ಮ ಪುಣ್ಯ, ಬಿರುಕು ಓರೆಯಾಗಿ ಉದ್ದಕ್ಕೆ ಹೋಗಿತ್ತು. ಅಂಟು ಹಿಡಿಯೋಕೆ ಜಾಗ ಜಾಸ್ತಿ. ಅಡ್ಡಕ್ಕೆ ಕಟ್ ಆಗಿದ್ದರೆ ಮರದಲ್ಲಿ ತೋಡು ಕೊರೆದು ಒಳಗೆ ಮರದ ಪಟ್ಟಿ ಕೂರಿಸಬೇಕು, ಅದು ಗಿಟಾರ್ ಮಾಡುವವರ ಕೈಗೇ ಬಿಡಬೇಕಾದ ಕೆಲಸ. ಒಳಗೆ ನೋಡಿದರೆ ಎಳೆಗಳು ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ನಾನು ಚೊಕ್ಕ ಮಾಡೋಣ ಅಂತ ಉಪ್ಪುಕಾಗದ ತೆಗೆದೆ, ಕೈ ಮೇಲೆ ಏಟು ಬಿತ್ತು. ಆ ಮುಳ್ಳುಗಳೇ ಒಂದರೊಳಗೊಂದು ಹೋಗಿ ಕೂರಬೇಕಂತೆ. ಮೊದಲು ಅಂಟಿಲ್ಲದೆ ಒತ್ತಿ, ಕ್ಲ್ಯಾಂಪ್ ಹಾಕಿ ನೋಡಿದೆವು. ಕೂದಲೆಳೆಯಷ್ಟೂ ಸಂದಿ ಉಳಿಯಲಿಲ್ಲ. ಟ್ರಸ್ ರಾಡಿನ ನಟ್ಟಿಗೆ ಮೇಣ ಸವರಿದಳು, ಅಲ್ಲಿಗೆ ಅಂಟು ಹೋದರೆ ಅದು ಮತ್ತೆ ತಿರುಗಲ್ಲ. ಸಣ್ಣ ಬ್ರಶ್ಶಿನಲ್ಲಿ ಎರಡೂ ಕಡೆ ಅಂಟು ಬಳಿದು ನಿಧಾನಕ್ಕೆ ಬಿಗಿದಾಗ ಬಿರುಕಿನುದ್ದಕ್ಕೂ ಸಣ್ಣ ಸಣ್ಣ ಹಳದಿ ಹನಿಗಳು ಸಾಲಾಗಿ ಆಚೆ ಬಂದವು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಟ್ಟು ಹತ್ತು ನಿಮಿಷ.

ಆಮೇಲಿನ 24 ಗಂಟೆ ಇದೆಯಲ್ಲ, ಅದು ಕಷ್ಟ. ಮುಟ್ಟೋ ಹಾಗಿಲ್ಲ. ಡ್ರಮ್ಮು ಗಂಟೆಗೊಂದು ಸಲ "ಒಣಗಿತಾ" ಅಂತ ಮೆಸೇಜ್ ಹಾಕುತ್ತಿದ್ದ, ರಾತ್ರಿ ಮೂರಕ್ಕೂ. ಮೂರಕ್ಕೆ ನಾನು ಎದ್ದೇ ಇದ್ದೆ, ಟಾರ್ಚ್ ಹಿಡಿದು ನೋಡುತ್ತಿದ್ದೆ ಅನ್ನೋದು ಅವನಿಗೆ ಹೇಳಿಲ್ಲ.

ಎರಡನೇ ದಿನ ತಂತಿ ಹಾಕಿದೆವು. ಶ್ರುತಿಗೆ ತರುವಾಗ ನಾಲ್ವರೂ ಉಸಿರು ಬಿಗಿಹಿಡಿದು ಆ ಗೆರೆಯನ್ನೇ ನೋಡುತ್ತಿದ್ದೆವು. ನಿಂತಿತು. ಬಣ್ಣ ಹಚ್ಚಿ ಗೆರೆ ಮುಚ್ಚೋಣ್ವಾ ಅಂತ ಕೀಲಿ ಕೇಳಿದಳು, ಬೇಡ ಅಂದೆ. ಒಂದು ಹಾಡು ನುಡಿಸಿ, ಹೇಗಿದೆ ಅಂತ ಬೇಸುವನ್ನು ಕೇಳಿದೆ. "ಏನೂ ವ್ಯತ್ಯಾಸ ಇಲ್ಲ ಕಣೋ, ಮುಂಚೆ ಎಲ್ಲಿ ತಪ್ಪುತ್ತಿತ್ತೋ ಅಲ್ಲೇ ತಪ್ಪುತ್ತಿದೆ."

ಗಿಟಾರಿಗೆ ಕೇಬಲ್ ಚುಚ್ಚೋ ಜ್ಯಾಕ್ ಮಾತ್ರ ಕರಕರ ಅನ್ನುತ್ತಿತ್ತು, ಬಿದ್ದ ಹೊಡೆತಕ್ಕೆ ಬೆಸುಗೆ ಬಿಟ್ಟಿತ್ತು. ಅದು ಐದು ನಿಮಿಷದ ಕೆಲಸ.

ಈಗ ಗಿಟಾರ್ ಸ್ಟ್ಯಾಂಡಿನ ಮೇಲಿದೆ, ಜರ್ಕಿನ್ ಆಂಪ್ ಮೇಲಿದೆ. ಕೇಬಲ್ ಮಾತ್ರ ಇದ್ದಲ್ಲೇ ಇದೆ. ಮೊನ್ನೆ ಡ್ರಮ್ಮು ಅದನ್ನೇ ಮತ್ತೆ ಎಡವಿ ದಬಾರ್ ಅಂತ ಬಿದ್ದ. ನಾವು ಮೂವರೂ ಓಡಿಹೋಗಿ ಗಿಟಾರ್ ಹಿಡಿದುಕೊಂಡೆವು.