ಇಷ್ಟು ಬೆವರಿದರೂ ಮೈ ಯಾಕೆ ತಂಪಾಗಲ್ಲ?

ಪ್ರಶ್ನೆ: ಡಾಕ್ಟ್ರೇ, ನಾನು ಶಿರಸಿ ಕಡೆಯವಳು. ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ ಇದು ಮೊದಲ ಬೇಸಿಗೆ. ಊರಲ್ಲಿ ತೋಟದ ಕೆಲಸ ಮಾಡಿ ಬೆವರಿದರೂ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೈ ತಣ್ಣಗಾಗುತ್ತಿತ್ತು. ಇಲ್ಲಿ ದೋಸೆ ಹುಯ್ಯುವಷ್ಟರಲ್ಲಿ ಮೊಣಕೈಯಿಂದ ಹನಿ ತೊಟ್ಟಿಕ್ಕುತ್ತದೆ. ಆದರೂ ಸೆಕೆ ಇಳಿಯಲ್ಲ. ನನ್ನ ಮೈಯಲ್ಲೇ ಏನಾದ್ರೂ ತೊಂದರೆ ಇದೆಯಾ?

ಉತ್ತರ (ಚರ್ಮದ ಡಾಕ್ಟರ್): ಇಲ್ಲ, ಹೆದರಬೇಡಿ. ನಿಮ್ಮ ಮೈ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಕಡಲತೀರದ ಗಾಳಿ ಅದಕ್ಕೆ ಜೊತೆ ಕೊಡುತ್ತಿಲ್ಲ, ಅಷ್ಟೇ.

ಚರ್ಮದ ಒಳಪದರದಲ್ಲಿ ದಾರದ ಉಂಡೆಯ ಹಾಗೆ ಸುತ್ತಿಕೊಂಡ ಸಣ್ಣ ಕೊಳವೆಗಳಿವೆ. ಅವೇ ಬೆವರಿನ ಗ್ರಂಥಿಗಳು. ಒಬ್ಬರ ಮೈಯಲ್ಲಿ 20ರಿಂದ 40 ಲಕ್ಷ ಇರುತ್ತವೆ. ಮೈ ಬಿಸಿಯಾದ ಕೂಡಲೇ ಮಿದುಳು ನರಗಳ ಮೂಲಕ ಇವಕ್ಕೆ ಸುದ್ದಿ ಮುಟ್ಟಿಸುತ್ತದೆ. ಉಂಡೆಯೊಳಗೆ ಉಪ್ಪುನೀರು ಒಸರುತ್ತದೆ. ಅದು ಮೇಲೇರುವಾಗ ಕೊಳವೆಯ ಗೋಡೆ ಸುಮಾರು ಉಪ್ಪನ್ನು ವಾಪಸ್ ಹೀರಿಕೊಳ್ಳುತ್ತದೆ. ಬೆವರು ಧಾರಾಕಾರ ಸುರಿಯುವಾಗ ಅಷ್ಟು ಪುರುಸೊತ್ತು ಸಿಗಲ್ಲ, ಹಾಗಾಗಿ ಆಗ ಉಪ್ಪು ಜಾಸ್ತಿ ಹೋಗುತ್ತದೆ. ಬೆರಳ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಗೆರೆಗಳ ದಿಬ್ಬದ ಮೇಲೆ ಸಾಲಾಗಿ ಚುಕ್ಕೆ ಚುಕ್ಕೆ ಹನಿ ಮೂಡಿರುತ್ತದೆ. ನನಗೆ ಈಗಲೂ ಅದು ನೋಡಿದಷ್ಟೂ ಸಾಲದು.

ಆದರೆ ಬೆವರು ಹೊರಗೆ ಬಂದ ಮಾತ್ರಕ್ಕೆ ತಂಪಾಗುವುದಿಲ್ಲ. ಅದು ಆರಬೇಕು. ಒಂದು ಲೀಟರ್ ಬೆವರು ಮೈಮೇಲೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಹನಿಯಿಂದ ಮೈಗೆ ಏನೂ ಸಿಗಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದ್ದೀರಲ್ವಾ? ಒಣಗಾಳಿ ಬೀಸಿದರೆ ನೀರು ಬೇಗ ಆರಿ ಉಪ್ಪು ಕಟ್ಟುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ನೀರು ಹಾಗೇ ನಿಲ್ಲುತ್ತದೆ. ನಿಮ್ಮ ಮೊಣಕೈ ಮೇಲೂ ನಡೆಯುತ್ತಿರುವುದು ಅದೇ.

ಪ್ರಶ್ನೆ: ಹಾಗಾದ್ರೆ ಬೆವರು ಒರೆಸಲೇಬಾರದಾ? ಅತ್ತೆ ಪೌಡರ್ ಹಚ್ಚಿಕೋ ಅಂತಾರೆ.

ಉತ್ತರ: ಸುರಿಯುವುದನ್ನು ಒರೆಸಿ. ಚರ್ಮ ತೇವವಾಗಿದ್ದಾಗಲೇ ಫ್ಯಾನಿನ ಕೆಳಗೆ ಕೂತುಕೊಳ್ಳಿ. ಮೈಗೆ ಅಂಟಿ ನಿಂತ ತೇವದ ಗಾಳಿಯನ್ನು ಫ್ಯಾನ್ ತಳ್ಳಿ ಹಾಕುತ್ತದೆ. ತೆಳು ಹತ್ತಿ ಬಟ್ಟೆ ಹಾಕಿ. ಪೌಡರ್ ಮಾತ್ರ ಮೆತ್ತಬೇಡಿ. ಕೊಳವೆಯ ಬಾಯಿ ಕಟ್ಟಿದರೆ ಬೆವರುಸಾಲೆ ಏಳುತ್ತದೆ. ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ ಕುಡಿಯಿರಿ. ಬಿಪಿ ಇದ್ದವರು ಉಪ್ಪಿನ ಬಗ್ಗೆ ತಮ್ಮ ಡಾಕ್ಟರನ್ನು ಕೇಳಿ.

ಇನ್ನೊಬ್ಬರು: ನಮ್ಮ ಅಪ್ಪ ಮಧ್ಯಾಹ್ನದ ಬಿಸಿಲಲ್ಲೂ ಬಲೆ ರಿಪೇರಿಗೆ ಕೂರುತ್ತಾರೆ. ಹೇಳಿದರೆ ಕೇಳಲ್ಲ.

ಉತ್ತರ: ದಯವಿಟ್ಟು ನೆರಳಲ್ಲಿ ಕೂರಿಸಿ. ವಯಸ್ಸಾದಂತೆ ಬೆವರು ಕಡಿಮೆ, ಬಾಯಾರಿಕೆಯೂ ಗೊತ್ತಾಗಲ್ಲ. ಮೈ ಕಾದು, ಮಾತು ತೊದಲಿದರೆ ಅಥವಾ ತಡವರಿಸಿದರೆ, ಬೆವರು ಇರಲಿ ಬಿಡಲಿ, ಕಾಯಬೇಡಿ. ಮೈಮೇಲೆ ತಣ್ಣೀರು ಹಾಕುತ್ತಾ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.