ಅಪ್‌ಡೇಟ್: ಆಪಲ್-ಚಕ್ಕೆ (ದಾಲ್ಚಿನ್ನಿ) ಬ್ರೆಡ್ ನಡುವೆಯೂ ಬೆಂತು

ಬ್ರೆಡ್ ಮೇಲೆ ಕೆಂಪಗಾದರೂ ನಡುವೆ ಹಸಿಯಾಗೇ ಉಳಿಯುತ್ತೆ, ಮೇಲೆ ಸುರಿಯೋ ಸಕ್ಕರೆ ಲೇಪ (ಗ್ಲೇಜ್) ನಿಲ್ಲದೆ ಹರಿದುಹೋಗುತ್ತೆ, ಏನು ಮಾಡೋದು ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆ. ಎರಡೂ ಸರಿಹೋಯ್ತು.

ಹಸಿಗೆ ಕಾರಣ ತುರಿದ ಸೇಬು. ತುರಿದರೆ ನೀರೆಲ್ಲ ಹಿಟ್ಟಿಗಿಳಿಯುತ್ತೆ. ಈಗ ಗಟ್ಟಿ ಹಸಿರು ಸೇಬು 200 ಗ್ರಾಂ, 1 ಸೆಂ.ಮೀ. ಹೋಳು, ಒಂದು ಚಮಚ ಮೈದಾದಲ್ಲಿ ಹೊರಳಿಸಿ ಕೊನೆಗೆ ಹಾಕಿದ್ದು. ಉಳಿದ ಅಳತೆ: ಮೈದಾ 250 ಗ್ರಾಂ, ಸಕ್ಕರೆ 150, ಮೊಟ್ಟೆ 2, ಎಣ್ಣೆ ಮತ್ತು ಮೊಸರು ತಲಾ 120 ಎಂ.ಎಲ್., ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸೋಡಾ ಅರ್ಧ, ಚಕ್ಕೆ ಪುಡಿ ಎರಡು, ಚಿಟಿಕೆ ಉಪ್ಪು. ಒಣ ಹಿಟ್ಟು ಕಾಣದಾದ ಕೂಡಲೇ ಕಲಸೋದು ನಿಲ್ಲಿಸಿ. ಹೆಚ್ಚು ಕಲಸಿದರೆ ರಬ್ಬರ್. ಮೊಸರು ಸೇರಿದ ಕೂಡಲೇ ಸೋಡಾ ಉಬ್ಬೋಕೆ ಶುರು, ಹಾಗಾಗಿ ಓವನ್ ಮೊದಲೇ ಕಾದಿರಲಿ.

9×5 ಇಂಚಿನ ಟಿನ್, 175 ಡಿಗ್ರಿ, 55–60 ನಿಮಿಷ. 40 ನಿಮಿಷ ಆದಾಗ ಬ್ರೆಡ್ ಮೇಲೆ ಫಾಯಿಲ್ ಹೊದಿಸಿ. ಬೆಂತಾ ಅಂತ ನೋಡೋಕೆ ಚುಚ್ಚೋ ಕಡ್ಡಿ ಸೇಬಿನ ಹೋಳಿಗೆ ತಾಗಿ ಒದ್ದೆ ಬರಬಹುದು, ಎರಡು ಕಡೆ ಚುಚ್ಚಿ ನೋಡಿ. ಥರ್ಮಾಮೀಟರ್ ಇದ್ದರೆ ನಡುವೆ 95 ಡಿಗ್ರಿ ಸಾಕು.

ಗ್ಲೇಜ್‌ಗೆ ಐಸಿಂಗ್ ಶುಗರ್ 100 ಗ್ರಾಂ, ಹಾಲು ಮೂರೇ ಟೀ ಚಮಚ, ಸಾಲದಿದ್ದರೆ ಹನಿಹನಿ. ಚಮಚದಿಂದ ಬಿಟ್ಟ ಎಳೆ ಕ್ಷಣಕಾಲ ಮೇಲೇ ನಿಂತು ಕರಗಬೇಕು. ಬ್ರೆಡ್ ಬಿಸಿಯಿದ್ದರೆ ಯಾವ ಹದವೂ ನಿಲ್ಲಲ್ಲ. ಪೂರ್ತಿ ಆರಿದ ಮೇಲೇ ಸುರಿಯಿರಿ.